ಓದುಗರ ಪ್ರಶ್ನೆ: ಇಂಗ್ಲೆಂಡಿನ ಹಳ್ಳಿಯ ಆಡಳಿತ ಯಾರ ಕೈಯಲ್ಲಿತ್ತು?

ಪ್ರಶ್ನೆ: ಇಂಗ್ಲೆಂಡಿನ ‘ಪ್ಯಾರಿಷ್ ಕೌನ್ಸಿಲ್’ ಚರ್ಚಿನ ಸಮಿತಿಯೇ, ಅಥವಾ ನಮ್ಮ ಗ್ರಾಮ ಪಂಚಾಯಿತಿಯಂಥದ್ದೇ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. (ಧಾರವಾಡ)

ಉತ್ತರ: ಈಗಿನ ಪ್ಯಾರಿಷ್ ಕೌನ್ಸಿಲ್‌ಗೂ ಚರ್ಚಿಗೂ ಸಂಬಂಧವಿಲ್ಲ. ಆದರೆ ಅದರ ಬೇರು ಚರ್ಚಿನಲ್ಲಿದೆ: ಪ್ಯಾರಿಷ್ ಅಂದರೆ ಮೂಲತಃ ಒಂದು ಚರ್ಚಿಗೆ ಸೇರಿದ ಊರು. ಪಾದ್ರಿಯ ನಿಲುವಂಗಿ ಇಡುವ ಕೋಣೆಗೆ ‘ವೆಸ್ಟ್ರಿ’ ಅನ್ನುತ್ತಾರೆ. ತೆರಿಗೆ ಕೊಡುವ ಊರವರು ಅಲ್ಲಿ ಸೇರುತ್ತಿದ್ದರು, ಹಾಗಾಗಿ ಸಭೆಗೂ ಅದೇ ಹೆಸರು ಬಂತು. ಚರ್ಚಿನ ಮಾಡು ರಿಪೇರಿ, ರಸ್ತೆ, ಬಡವರ ಪಾಲನೆ ಎಲ್ಲ ಅಲ್ಲೇ ತೀರ್ಮಾನ. 1894ರ ಸ್ಥಳೀಯ ಆಡಳಿತ ಕಾಯ್ದೆ ಲೌಕಿಕ ಕೆಲಸಗಳನ್ನು ವೆಸ್ಟ್ರಿಯಿಂದ ಕಿತ್ತು, 300 ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆ ಇರುವ ಗ್ರಾಮೀಣ ಪ್ಯಾರಿಷ್‌ಗಳಲ್ಲೆಲ್ಲ ಚುನಾಯಿತ ಕೌನ್ಸಿಲ್ ಕಡ್ಡಾಯ ಮಾಡಿತು. ಮದುವೆಯಾದ ಹೆಂಗಸರಿಗೂ ಮತ ಹಾಕುವ, ಚುನಾವಣೆಗೆ ನಿಲ್ಲುವ ಅವಕಾಶ ಸಿಕ್ಕಿತು. ಊರಸಭೆ ಸಂಜೆ ಆರಕ್ಕೆ ಮುಂಚೆ ಶುರುವಾಗಬಾರದೆಂಬ ನಿಯಮವೂ ಅದರಲ್ಲಿತ್ತು. ಹಗಲು ಸಭೆ ಇಟ್ಟರೆ ಹೊಲದ ಕೂಲಿಯವನು ಬರುವುದೆಲ್ಲಿಂದ?

ಪ್ರಶ್ನೆ: ವೆಸ್ಟ್ರಿಗೆ ಹಣ ಎಲ್ಲಿಂದ ಬರುತ್ತಿತ್ತು? ಬಡವರಿಗೆ ಅಷ್ಟು ಉದಾರವಾಗಿ ಕೊಡುತ್ತಿದ್ದದ್ದು ನಿಜವೇ? (ಶಿವಮೊಗ್ಗ)

ಉತ್ತರ: ಕೊಡುತ್ತಿದ್ದದ್ದು ನಿಜ. ಉದಾರವಾಗಿ ಅನ್ನುವುದಕ್ಕಿಂತ ಲೆಕ್ಕ ಹಾಕಿ ಅನ್ನಬೇಕು. 1601ರ ಕಾಯ್ದೆಯಂತೆ, ಚರ್ಚಿನ ಉಸ್ತುವಾರಿ ನೋಡುವ ಊರವರಾದ ಚರ್ಚ್‌ವಾರ್ಡನ್‌ಗಳ ಜೊತೆಗೆ ಪ್ರತಿ ಪ್ಯಾರಿಷ್‌ನಲ್ಲೂ ಎರಡರಿಂದ ನಾಲ್ಕು ‘ಓವರ್‌ಸಿಯರ್’ಗಳನ್ನು ಪ್ರತಿವರ್ಷ ಈಸ್ಟರ್ ಹೊತ್ತಿಗೆ ಇಬ್ಬರು ಮ್ಯಾಜಿಸ್ಟ್ರೇಟರು ನೇಮಿಸಬೇಕಿತ್ತು. ಇವರು ಊರವರೇ, ಸಂಬಳವಿಲ್ಲ. ತೆರಿಗೆ ಹಾಕಿ, ವಸೂಲಿ ಮಾಡಿ, ಹಂಚಿ, ವರ್ಷದ ಕೊನೆಗೆ ಲೆಕ್ಕ ಒಪ್ಪಿಸಬೇಕು.

ತೆರಿಗೆಯ ಲೆಕ್ಕ ಹೀಗೆ: ಆಸ್ತಿಯ ವಾರ್ಷಿಕ ಬಾಡಿಗೆ ಮೌಲ್ಯ 10 ಪೌಂಡ್, ದರ ಪೌಂಡಿಗೆ 6 ಪೆನ್ನಿ ಅಂದರೆ 60 ಪೆನ್ನಿ. ಆಗ ಶಿಲಿಂಗಿಗೆ 12 ಪೆನ್ನಿ, ಪೌಂಡಿಗೆ 20 ಶಿಲಿಂಗ್, ಆದ್ದರಿಂದ 5 ಶಿಲಿಂಗ್ ಕೊಡಬೇಕು. ಸಾಲದಿದ್ದರೆ ವರ್ಷದೊಳಗೆ ಇನ್ನೊಮ್ಮೆ ಹಾಕುವರು. ಕೊಡುವವನೂ ವಸೂಲಿ ಮಾಡುವವನೂ ಅಕ್ಕಪಕ್ಕದ ಮನೆಯವರು. ಹಾಗಾಗಿ ಹೊಸ ಬಡವನೊಬ್ಬ ಊರಿಗೆ ಕಾಲಿಟ್ಟರೆ ಎಲ್ಲರ ಕಣ್ಣೂ ಅವನ ಮೇಲೆ.

ತೊಡಕು ಹುಟ್ಟಿದ್ದು ಇಲ್ಲೇ. 1662ರ ಕಾಯ್ದೆ ಪ್ರಕಾರ, ವರ್ಷಕ್ಕೆ 10 ಪೌಂಡಿಗಿಂತ ಕಡಿಮೆ ಬಾಡಿಗೆಯ ಜಾಗದಲ್ಲಿ ಬಂದು ನೆಲೆಸಿದವನು ಮುಂದೆ ಹೊರೆಯಾದಾನೆಂದು ಅನಿಸಿದರೆ 40 ದಿನಗಳೊಳಗೆ ದೂರು ಕೊಟ್ಟು ಅವನ ‘ಸ್ವಂತ’ ಪ್ಯಾರಿಷ್‌ಗೆ ಅಟ್ಟಬಹುದಿತ್ತು. ಮುಂದೆ ಒಂದು ವರ್ಷ ಪೂರ್ತಿ ಆಳಾಗಿ ದುಡಿದ ಅವಿವಾಹಿತನಿಗೆ ಆ ಊರಿನಿಂದ ನೆರವು ಪಡೆಯುವ ಹಕ್ಕು ಸಿಗತೊಡಗಿತು. ರೈತರು ಅದಕ್ಕೂ ಉಪಾಯ ಹುಡುಕಿದರು: ಆಳನ್ನು 51 ವಾರಕ್ಕೆ ಮಾತ್ರ ನೇಮಿಸುವುದು! ಮದುವೆಯಾಗದ ಗರ್ಭಿಣಿಯನ್ನು ಹೆರಿಗೆಗೆ ಮುಂಚೆ ಗಡಿ ದಾಟಿಸಿದ್ದೂ ಉಂಟು, ಏಕೆಂದರೆ ಅಂಥ ಮಗು ಹುಟ್ಟಿದ ಪ್ಯಾರಿಷ್‌ಗೇ ಸೇರುತ್ತಿತ್ತು. ಕ್ರೌರ್ಯವೇ ಸರಿ. ಆದರೆ ಪ್ರತಿ ಊರೂ ತನ್ನ ಬಡವರ ಖರ್ಚನ್ನು ತಾನೇ ಹೊರಬೇಕೆಂದು ಕಾನೂನು ಮಾಡಿದ ಮೇಲೆ ಇದು ಆಗದೆ ಇರುತ್ತಿರಲಿಲ್ಲ. ನಿಜವಾಗಿ ಹೊರೆಯಾಗುವ ತನಕ ಯಾರನ್ನೂ ಅಟ್ಟಬಾರದೆಂದು ಬಂದದ್ದು 1795ರಲ್ಲಿ. 1834ರಲ್ಲಿ ಹಲವು ಪ್ಯಾರಿಷ್‌ಗಳನ್ನು ಕೂಡಿಸಿ ‘ಯೂನಿಯನ್’ ಮಾಡಿ, ಬಡವರ ಪಾಲನೆಯನ್ನು ಅದಕ್ಕೆ ವಹಿಸಿದರು.

ವೆಸ್ಟ್ರಿ ಸಭೆಯಲ್ಲಿ ಎಲ್ಲರ ಮತಕ್ಕೂ ಒಂದೇ ತೂಕವಿರಲಿಲ್ಲ. 1818ರಿಂದ 50 ಪೌಂಡಿಗಿಂತ ಕಡಿಮೆ ಮೌಲ್ಯದ ಆಸ್ತಿಗೆ ಒಂದು ಮತ, ಆಮೇಲೆ ಪ್ರತಿ 25 ಪೌಂಡಿಗೆ ಒಂದೊಂದು ಹೆಚ್ಚು, ಗರಿಷ್ಠ ಆರು.

ಪ್ರಶ್ನೆ: ರಸ್ತೆಗಳನ್ನು ಯಾರು ನೋಡಿಕೊಳ್ಳುತ್ತಿದ್ದರು? (ಹಾಸನ)

ಉತ್ತರ: ಊರವರೇ, ಬಿಟ್ಟಿಯಾಗಿ. 1555ರ ಕಾಯ್ದೆ ವರ್ಷಕ್ಕೆ ನಾಲ್ಕು ದಿನ, ದಿನಕ್ಕೆ ಎಂಟು ಗಂಟೆ ದುಡಿಯಬೇಕೆಂದಿತು. 1563ರಲ್ಲಿ ಅದು ಆರು ದಿನವಾಯಿತು. ಉಳುವ ಭೂಮಿ ಇದ್ದವನು ಗಾಡಿ, ಎರಡು ಆಳು ಕಳಿಸಬೇಕು. ಕೆಲಸ ಮಾಡಿಸುವ ಮೇಲ್ವಿಚಾರಕನಿಗೆ ಸಂಬಳವಿಲ್ಲ, ಮುಂದಿನ ವರ್ಷ ಪಕ್ಕದ ಮನೆಯವನ ಸರದಿ. ಅವನು ನೆರೆಯವನನ್ನು ಗದರಿಸಿ ದುಡಿಸುವುದುಂಟೇ! ಬಿಟ್ಟಿ ದುಡಿಮೆ ರದ್ದಾಗಿದ್ದು 1835ರಲ್ಲಿ.

ಪ್ರಶ್ನೆ: ಸಂಶೋಧನೆಗಾಗಿ ಹಳೆಯ ವೆಸ್ಟ್ರಿ ಲೆಕ್ಕಗಳನ್ನು ಓದುತ್ತಿದ್ದೇನೆ. ಎಡವುವುದು ಎಲ್ಲಿ? (ಮೈಸೂರು)

ಉತ್ತರ: ಮೊದಲು ತಾರೀಖಿನಲ್ಲಿ. 1752ಕ್ಕೆ ಮುಂಚೆ ಇಂಗ್ಲೆಂಡಿನ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. ದಾಖಲೆಯ ‘ಫೆಬ್ರವರಿ 1700’ ನಮ್ಮ ಲೆಕ್ಕದಲ್ಲಿ 1701. ಟಿಪ್ಪಣಿಯಲ್ಲಿ ‘1700/01’ ಎಂದೇ ಬರೆದುಕೊಳ್ಳಿ. ಇನ್ನು, ಓವರ್‌ಸಿಯರ್ ಲೆಕ್ಕ ಈಸ್ಟರ್‌ನಿಂದ ಈಸ್ಟರ್‌ಗೆ. ಈಸ್ಟರ್ ಪ್ರತಿವರ್ಷ ಸರಿಯುವುದರಿಂದ ಒಂದು ಲೆಕ್ಕದ ‘ವರ್ಷ’ ಇನ್ನೊಂದಕ್ಕಿಂತ ವಾರಗಟ್ಟಲೆ ಉದ್ದವಿರಬಹುದು. ಒಟ್ಟು ಮೊತ್ತಗಳನ್ನು ಹಾಗೇ ಹೋಲಿಸಿದರೆ ಖರ್ಚು ಏರಿತು, ಇಳಿಯಿತು ಎಂದು ಸುಮ್ಮನೆ ಮೋಸಹೋಗುತ್ತೀರಿ.

ಚರ್ಚ್‌ವಾರ್ಡನ್ ಲೆಕ್ಕದಲ್ಲಿ ಪ್ರಾಣಿಗಳ ತಲೆಗೆ ದುಡ್ಡು ಕೊಟ್ಟ ಸಾಲು ಕಂಡರೆ ಗಾಬರಿ ಬೇಡ. 1566ರ ಕಾಯ್ದೆ ಪೈರಿಗೆ, ಕೋಳಿಗೆ ಕಂಟಕವೆಂದು ಪಟ್ಟಿ ಮಾಡಿದ ಪ್ರಾಣಿಗಳ ತಲೆಗೆ ಇನಾಮು ಗೊತ್ತುಮಾಡಿತ್ತು: ನರಿಗೆ 12 ಪೆನ್ನಿ, ಹೆಜ್‌ಹಾಗ್ ಎಂಬ ಪುಟ್ಟ ಮುಳ್ಳುಪ್ರಾಣಿಗೆ 2. ಅದು ರಾತ್ರಿ ಮಲಗಿದ ಹಸುವಿನ ಕೆಚ್ಚಲಿಗೆ ಬಾಯಿ ಹಾಕುತ್ತದೆಂಬ ನಂಬಿಕೆಯಿತ್ತು, ಪಾಪ. ಈ ಕಡತಗಳೆಲ್ಲ ಚರ್ಚಿನ ಪೆಟ್ಟಿಗೆಯಲ್ಲಿರುತ್ತಿದ್ದವು. ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳ ಪುಸ್ತಕ ಇಡುವ ಪೆಟ್ಟಿಗೆಗೆ 1603ರ ನಿಯಮದಂತೆ ಮೂರು ಬೀಗ: ಒಂದು ಕೀಲಿ ಪಾದ್ರಿಯ ಬಳಿ, ಒಂದೊಂದು ಇಬ್ಬರು ವಾರ್ಡನ್‌ಗಳ ಬಳಿ. ಈಗ ಹೆಚ್ಚಿನವು ಕೌಂಟಿ ದಾಖಲೆ ಕಚೇರಿಗಳಲ್ಲಿವೆ.

ಪ್ರಶ್ನೆ: ಕೆಲಸದ ಮೇಲೆ ಬಂದು ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ನೆಲೆಸಿದ್ದೇವೆ, ಭಾರತದ ಪಾಸ್‌ಪೋರ್ಟ್. ಪ್ಯಾರಿಷ್ ಕೌನ್ಸಿಲ್‌ನಲ್ಲಿ ನಮಗೆ ಮಾತಿದೆಯೇ? (ಅನಿವಾಸಿ ಓದುಗರು)

ಉತ್ತರ: ಇದೆ. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ ವಾಸಕ್ಕೆ ಅನುಮತಿ ಇರುವ ನೀವು ಮತದಾರರ ಪಟ್ಟಿಗೆ ಹೆಸರು ಸೇರಿಸಬಹುದು. ಚುನಾವಣೆಗೆ ನಿಲ್ಲಬೇಕಾದರೆ ಕಾಯಂ ವಾಸದ ಹಕ್ಕು ಬೇಕು, 18 ತುಂಬಿರಬೇಕು, ಆ ಪ್ಯಾರಿಷ್‌ನ ಮತದಾರರಾಗಿರಬೇಕು ಅಥವಾ ಹಿಂದಿನ 12 ತಿಂಗಳು ಅಲ್ಲೋ ಅದರ ಮೂರು ಮೈಲಿಯೊಳಗೋ ವಾಸವಿರಬೇಕು.

ಬೀದಿದೀಪ, ಬಸ್ ತಂಗುದಾಣ, ಸ್ಮಶಾನ, ತರಕಾರಿ ಬೆಳೆಯುವ ಬಾಡಿಗೆ ತುಂಡುಭೂಮಿ, ಸಮುದಾಯ ಭವನ ಇಂಥವು ಇದರ ಕೈಯಲ್ಲಿವೆ. ಮನೆ ಕಟ್ಟುವ ಅನುಮತಿ ಇದರದ್ದಲ್ಲ, ಅಭಿಪ್ರಾಯ ಮಾತ್ರ ಹೇಳಬಲ್ಲದು. ಸಭೆಯ ಸೂಚನೆ ಮೂರು ಪೂರ್ಣ ದಿನ ಮುಂಚೆ ಹಾಕಿರಬೇಕು. ಹಾಕಿದ ದಿನ, ಸಭೆಯ ದಿನ, ಭಾನುವಾರ ಲೆಕ್ಕಕ್ಕಿಲ್ಲ. ಗುರುವಾರದ ಸಭೆಗೆ ಶನಿವಾರ ಹಾಕಿದರೆ ಸರಿ, ಮಂಗಳವಾರ ಹಾಕಿದರೆ ತಪ್ಪು. ಅಜೆಂಡಾದಲ್ಲಿ ಇಲ್ಲದ ವಿಷಯದ ಮೇಲೆ ನಿರ್ಣಯ ಮಾಡಿದರೂ ಅದು ನಿಲ್ಲದು. ನಿಮ್ಮ ಅಹವಾಲನ್ನು ಮುಂಚೆಯೇ ಕ್ಲರ್ಕ್‌ಗೆ ಬರೆದು, ಪಟ್ಟಿಯಲ್ಲಿ ಸೇರಿದೆಯೇ ಎಂದು ಸೂಚನಾ ಫಲಕದಲ್ಲಿ ನೋಡಿಕೊಂಡೇ ಹೋಗಿ.