ಅಂಕಿ ಮೇಲೆ ಹೋಗುತ್ತದೆ, ಕೆಳಗೆ ಬರುವುದಿಲ್ಲ

ದಾವಣಗೆರೆಯ ಓದುಗರೊಬ್ಬರ ಪತ್ರ: "ನಮ್ಮ ಕಂಪನಿಯಲ್ಲಿ ಪವರ್ ಬಿಐ ಡ್ಯಾಶ್‌ಬೋರ್ಡ್ (ಕೆಲಸದ ಅಂಕಿಗಳನ್ನೆಲ್ಲ ಒಂದೇ ಪರದೆಯಲ್ಲಿ ತೋರಿಸುವ ತಂತ್ರಾಂಶ) ಹಾಕಿಸಿ ವರ್ಷವಾಯಿತು. ತರಬೇತಿಯೂ ಕೊಟ್ಟೆವು. ಸೂಪರ್‌ವೈಸರ್‌ಗಳು ಇನ್ನೂ ಎಕ್ಸೆಲ್ ಬಿಟ್ಟಿಲ್ಲ, ಲೆಕ್ಕವೆಲ್ಲ ವಾಟ್ಸಾಪ್‌ನಲ್ಲೇ. ನಮ್ಮ ಜನ ಬದಲಾವಣೆಗೆ ಒಗ್ಗುವುದೇ ಇಲ್ಲವೇ?"

ತರಬೇತಿ ಬೇಕು, ಪರದೆ ಸರಳವಾಗಿರಬೇಕು, ಒಪ್ಪಿದೆ. ಆದರೆ ಜನರನ್ನು ದೂರಬೇಡಿ. ಸೊಪ್ಪು ಮಾರುವ ಅಜ್ಜಿಗೆ ಕ್ಯೂಆರ್ ಕೋಡ್ ಬಗ್ಗೆ ಯಾರು ತರಬೇತಿ ಕೊಟ್ಟರು? ದುಡ್ಡು ಬಂದದ್ದು ಅವಳಿಗೆ ಆ ಕ್ಷಣವೇ ಗೊತ್ತಾಗುತ್ತದೆ, ಅಷ್ಟು ಸಾಕಾಯಿತು.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿದ್ದ ಸಂಶೋಧಕ ಫ್ರೆಡ್ ಡೇವಿಸ್ 1989ರಲ್ಲೇ 152 ಬಳಕೆದಾರರನ್ನು ಕೇಳಿ ನೋಡಿದ್ದರು. ತಂತ್ರಾಂಶ ಸುಲಭವೇ ಎಂಬುದಕ್ಕಿಂತ, ನನ್ನ ಕೆಲಸಕ್ಕೆ ಬರುತ್ತದೆಯೇ ಎಂಬುದೇ ಬಳಕೆಯ ಜೊತೆ ಹೆಚ್ಚು ಬಿಗಿಯಾಗಿ ಹೆಣೆದುಕೊಂಡಿತ್ತು. ಹುಬ್ಬಳ್ಳಿಯ ಗೋದಾಮೊಂದರಲ್ಲಿ ನಾನೂ ಇದನ್ನೇ ಕಂಡೆ. ಯಾರಿಂದ ಎಷ್ಟು ತಡ ಎಂದಷ್ಟೇ ತೋರಿಸುವ ಬೋರ್ಡನ್ನು ಯಾರೂ ತೆರೆಯುತ್ತಿರಲಿಲ್ಲ. ನಾಳೆ ಯಾವ ಮಾಲು ಮುಗಿಯುತ್ತದೆ ಎಂಬ ಸಾಲು ಸೇರಿಸಿದ ಮೇಲೆ ಬೆಳಿಗ್ಗೆ ಬಂದವರೇ ಅದನ್ನು ನೋಡತೊಡಗಿದರು.

ಟೊಯೋಟಾದ 'ಆಂಡಾನ್' ಬೋರ್ಡ್ ನನಗೆ ಬಹಳ ಇಷ್ಟ. ತೊಂದರೆ ಕಂಡ ಕಾರ್ಮಿಕನೇ ಹಗ್ಗ ಎಳೆಯುತ್ತಾನೆ, ಬೋರ್ಡಿನಲ್ಲಿ ದೀಪ ಹೊತ್ತುತ್ತದೆ, ತಂಡದ ಮುಖ್ಯಸ್ಥ ನೆರವಿಗೆ ಓಡಿ ಬರುತ್ತಾನೆ. ಸಕಾಲಕ್ಕೆ ಸರಿಹೋಗದಿದ್ದರೆ ಉತ್ಪಾದನೆಯ ಲೈನೇ ನಿಲ್ಲುತ್ತದೆ. ಮಾಹಿತಿ ಕೊಟ್ಟವನಿಗೆ ಸಿಗುವುದು ಸಹಾಯ, ಬೈಗುಳವಲ್ಲ. ಇದಕ್ಕೆ ತದ್ವಿರುದ್ಧವಾಗಿ, ನ್ಯೂಯಾರ್ಕ್ ಪೊಲೀಸರು 1994ರಲ್ಲಿ ತಂದ ಕಾಂಪ್‌ಸ್ಟಾಟ್ ಎಂಬ ಪರಿಶೀಲನಾ ಸಭೆಗಳಲ್ಲಿ ಅಪರಾಧದ ಅಂಕಿ ಹಿಡಿದು ಠಾಣಾಧಿಕಾರಿಗಳನ್ನು ನಿಲ್ಲಿಸಿ ಪ್ರಶ್ನಿಸುತ್ತಿದ್ದರು. ಆ ಅಂಕಿಗಳನ್ನು ತಗ್ಗಿಸಿ ತೋರಿಸುವ ಒತ್ತಡವಿತ್ತೆಂದು ನಿವೃತ್ತ ಅಧಿಕಾರಿಗಳೇ ಮುಂದೆ ಹೇಳಿಕೊಂಡರು. ಬೋರ್ಡೇ ಹೊಡೆಯುವ ಕೋಲಾದರೆ ಜನ ಬೆನ್ನು ತಪ್ಪಿಸಿಕೊಳ್ಳದೆ ಇನ್ನೇನು ಮಾಡಿಯಾರು?

ಇದು ನಿಮ್ಮ ಕಂಪನಿಯೊಂದರ ಕಥೆಯಲ್ಲ. ಅಂಗನವಾಡಿ ಕಾರ್ಯಕರ್ತೆ ಮಕ್ಕಳ ತೂಕ, ಎತ್ತರ ಅಳೆದು ಮೊಬೈಲಿಗೆ ತುಂಬುತ್ತಾಳೆ. ಶಿಕ್ಷಕರು ಪಾಠ ಬಿಟ್ಟು ಆನ್‌ಲೈನ್ ನಮೂನೆ ತುಂಬುತ್ತಾರೆ. ರಾಜಧಾನಿಯ ಸಭೆಯಲ್ಲಿ ಬಣ್ಣದ ನಕ್ಷೆ ಮೂಡುತ್ತದೆ, ಅಂಕಿ ಕೊಟ್ಟವರ ಕೈಗೆ ಏನೂ ಮರಳುವುದಿಲ್ಲ. ಎಷ್ಟೋ ಕಾರ್ಖಾನೆಗಳ ಪರದೆಯ ಮೇಲಂತೂ ಕನ್ನಡದ ಒಂದು ಸಾಲೂ ಇರುವುದಿಲ್ಲ. ಇದು ನನಗೆ ಅನ್ಯಾಯವೆಂದೇ ತೋರುತ್ತದೆ.

ನಿಮ್ಮ ಸೂಪರ್‌ವೈಸರ್‌ಗಳ ಎಕ್ಸೆಲ್ ಹಾಳೆಗಳನ್ನು ಒಮ್ಮೆ ಬಿಡಿಸಿ ನೋಡಿ. ಅವರಿಗೆ ಬೇಕಾದ ಅಂಕಣಗಳೆಲ್ಲ ಅಲ್ಲೇ ಇವೆ. ಅವುಗಳಲ್ಲಿ ಎಷ್ಟು ನಿಮ್ಮ ಡ್ಯಾಶ್‌ಬೋರ್ಡಿನಲ್ಲಿವೆ ಎಂದು ಎಣಿಸಿ, ನಮಗೂ ಬರೆದು ತಿಳಿಸಿ.