ಹೊಟ್ಟೆಯಲ್ಲಿ ‘ಫಾಸಾ’ ಇದೆಯಂತೆ, ಏನದು?

ಪ್ರಶ್ನೆ: ಡಾಕ್ಟ್ರೇ, ಹದಿನೈದು ದಿನಗಳಿಂದ ಆಗಾಗ ಹೊಟ್ಟೆ ನೋಯುತ್ತಿದೆ. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ರೈಟ್ ಇಲಿಯಾಕ್ ಫಾಸಾದಲ್ಲಿ ಒತ್ತಿದರೆ ನೋವು’ ಎಂಬರ್ಥದಲ್ಲಿ ಬರೆದಿದ್ದಾರೆ. ಫಾಸಾ ಅಂದರೆ ಗುಂಡಿ ಅಂತ ಮಗ ಫೋನಿನಲ್ಲಿ ಹುಡುಕಿ ಹೇಳಿದ. ಜತೆಗೆ ಒಂದು ಕಾಡುಪ್ರಾಣಿಯ ಚಿತ್ರವನ್ನೂ ತೋರಿಸಿದ! ನನ್ನ ಹೊಟ್ಟೆಯಲ್ಲಿ ಗುಂಡಿ ಬಿದ್ದಿದೆಯೇ?
– ಓದುಗರು, ಸಾಗರ

ಉತ್ತರ: ಗುಂಡಿ ಬಿದ್ದಿಲ್ಲ. ಈ ಫಾಸಾ ನಿಮಗೆ ಹುಟ್ಟಿದಾಗಿನಿಂದ ಇದೆ, ನನಗೂ ಇದೆ. ಅದು ಕಾಯಿಲೆಯ ಹೆಸರಲ್ಲ, ಜಾಗದ ಹೆಸರು.

ನೀವು ಸಾಗರದವರು ಅಂದಮೇಲೆ ಅಡಿಕೆ ತೋಟದ ಸುತ್ತ ಹೊಡೆಸುವ ಅಗಳ ನೋಡಿಯೇ ಇರುತ್ತೀರಿ. ಕೋಟೆಯ ಸುತ್ತಲಿನ ಕಂದಕಕ್ಕೂ ಹಳೆಯ ಕನ್ನಡದಲ್ಲಿ ಅದೇ ಮಾತು. ಅಗೆದದ್ದು ಅಗಳು. ಫಾಸಾ ಕೂಡ ಹಾಗೆಯೇ ಹುಟ್ಟಿದ ಪದ. ಲ್ಯಾಟಿನ್‌ನಲ್ಲಿ ‘ಫೊದೆರೆ’ ಅಂದರೆ ಅಗೆಯುವುದು, ‘ಫೊಸ್ಸಾ’ ಅಂದರೆ ಅಗೆದ ಕಾಲುವೆ. ರೋಮನ್ ಸೈನಿಕರು ಬಿಡಾರದ ಸುತ್ತ ತೋಡುತ್ತಿದ್ದದ್ದು ಇದನ್ನೇ. ನೆಲದಿಂದ ಅಗೆದು ತೆಗೆಯುವ ಫಾಸಿಲ್ ಕೂಡ ಇದರ ದಾಯಾದಿ.

ಅಂಗರಚನೆಯ ಪಾಠಕ್ಕೆ ಬಂದಾಗ ಯಾರೂ ಅಗೆಯದೆ ತಾನಾಗಿಯೇ ತಗ್ಗಾಗಿರುವ ಜಾಗಕ್ಕೂ ಇದೇ ಹೆಸರಾಯಿತು. ನಿಮ್ಮ ಸೊಂಟದ ಮೇಲೆ ಕೈ ಇಟ್ಟರೆ ಮೂಳೆಯ ಅಂಚು ಸಿಗುತ್ತದಲ್ವಾ? ಆ ಮೂಳೆಯ ಒಳಮೈ ಮೊರದ ಹಾಗೆ ಸ್ವಲ್ಪ ತಗ್ಗಾಗಿದೆ. ಅದು ಇಲಿಯಾಕ್ ಫಾಸಾ. ಆದರೆ ವೈದ್ಯರು ಮಾತಿನಲ್ಲಿ ಅದನ್ನು ಇನ್ನೂ ಸಡಿಲವಾಗಿ ಬಳಸುತ್ತಾರೆ. ಹೊಟ್ಟೆಯನ್ನು ಮೇಲೆ ಮೂರು, ನಡುವೆ ಮೂರು, ಕೆಳಗೆ ಮೂರು ಎಂದು ಒಂಬತ್ತು ಚೌಕ ಮಾಡಿಕೊಂಡರೆ ಬಲಗಡೆಯ ಕೆಳಮೂಲೆಗೆ ರೈಟ್ ಇಲಿಯಾಕ್ ಫಾಸಾ ಎನ್ನುತ್ತಾರೆ. ಚೀಟಿಯಲ್ಲಿ ಸುಮ್ನೆ ‘ಆರ್‌ಐಎಫ್’ ಎಂದು ಗೀಚುವುದೂ ಉಂಟು. ರೋಗಿಗೆ ‘ಬಲಗಡೆ ಕೆಳಹೊಟ್ಟೆ’ ಅಂದುಬಿಟ್ಟಿದ್ದರೆ ನಿಮಗೆ ಈ ಗಾಬರಿಯೇ ಇರುತ್ತಿರಲಿಲ್ಲ. ಅದು ನಮ್ಮ ತಪ್ಪು.

ಈ ಮೂಲೆಗೆ ಇಷ್ಟು ಬೆಲೆ ಯಾಕೆಂದರೆ ಅಪೆಂಡಿಕ್ಸ್ ಇರುವುದು ಇಲ್ಲೇ. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವುದೂ ಇಲ್ಲೇ. ಹೆಂಗಸರಲ್ಲಿ ಬಲಗಡೆಯ ಅಂಡಾಶಯದ ನೋವು, ಮೂತ್ರನಾಳಕ್ಕೆ ಇಳಿದ ಕಲ್ಲಿನ ನೋವು ಕೂಡ ಇಲ್ಲಿ ಕಾಣಿಸಿಕೊಳ್ಳಬಹುದು. ಹಾಗಾಗಿ ಆ ಒಂದು ಸಾಲು ನೋಡಿ ಕಾಯಿಲೆ ಹೇಳಲಾಗದು. ರಿಪೋರ್ಟನ್ನು ಬರೆಸಿದ ವೈದ್ಯರಿಗೇ ತೋರಿಸಿ, ತಡ ಮಾಡಬೇಡಿ. ನೋವು ಜಾಸ್ತಿಯಾಗುತ್ತಾ ಹೋದರೆ, ಜ್ವರ, ವಾಂತಿ ಬಂದರೆ, ಕೆಮ್ಮಿದಾಗ ಚುಚ್ಚಿದಂತಾದರೆ ಆ ಹೊತ್ತಿಗೇ ಆಸ್ಪತ್ರೆಗೆ ಹೋಗಿ.

ಇನ್ನೊಂದು ವಿಷಯ ಹೇಳಿದರೆ ಜನ ನಂಬುವುದಿಲ್ಲ. ಕಿಡ್ನಿ ಕಸಿ ಮಾಡುವಾಗ ಹೊಸ ಕಿಡ್ನಿಯನ್ನು ಸಾಮಾನ್ಯವಾಗಿ ಹಳೆಯದರ ಜಾಗದಲ್ಲಿ ಇಡುವುದಿಲ್ಲ. ಈ ಇಲಿಯಾಕ್ ಫಾಸಾದಲ್ಲಿ ಕೂರಿಸುತ್ತಾರೆ. ದೊಡ್ಡ ರಕ್ತನಾಳಗಳು, ಮೂತ್ರಕೋಶ ಎರಡೂ ಹತ್ತಿರ. ಹಳೆಯ ಕಿಡ್ನಿಗಳು ಹೆಚ್ಚಾಗಿ ಅಲ್ಲಲ್ಲೇ ಇರುತ್ತವೆ.

ಮೈಯಲ್ಲಿ ಇಂಥ ತಗ್ಗುಗಳು ಬೇಕಾದಷ್ಟಿವೆ. ರಕ್ತ ತೆಗೆಯುವಾಗ ನರ್ಸ್ ಹುಡುಕುವ ಮೊಣಕೈ ಮಡಿಕೆ ಒಂದು ಫಾಸಾ. ಮಂಡಿಯ ಹಿಂದಿನ ಗುಳಿ ಇನ್ನೊಂದು. ಹೃದಯದೊಳಗೂ ಒಂದಿದೆ, ಫಾಸಾ ಓವಾಲಿಸ್. ತಾಯಿಯ ಹೊಟ್ಟೆಯಲ್ಲಿದ್ದಾಗ ಅದು ತಗ್ಗಲ್ಲ, ಕಿಂಡಿ. ಮಗುವಿನ ರಕ್ತ ಅದರ ಮೂಲಕ ಬಲದಿಂದ ಎಡಕ್ಕೆ ದಾಟುತ್ತದೆ. ಹುಟ್ಟಿದ ಮೇಲೆ ಮುಚ್ಚಿಕೊಂಡು ಗುರುತು ಮಾತ್ರ ಉಳಿಯುತ್ತದೆ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಅದು ಪೂರ್ತಿ ಮುಚ್ಚಿರುವುದಿಲ್ಲ. ಹೆಚ್ಚಿನವರಿಗೆ ಅದರಿಂದ ತೊಂದರೆಯೂ ಇಲ್ಲ, ಗೊತ್ತೂ ಆಗುವುದಿಲ್ಲ.

ಮಗನಿಗೂ ಉತ್ತರ ಹೇಳಬೇಕಲ್ಲ. ಅವನು ತೋರಿಸಿದ್ದು ಮಡಗಾಸ್ಕರ್ ದ್ವೀಪದ ಫೊಸಾ ಇರಬೇಕು. ನೋಡಲು ಬೆಕ್ಕಿನ ಹಾಗಿದ್ದರೂ ಮುಂಗುಸಿಯ ಕಡೆಯ ನೆಂಟ. ಆ ಹೆಸರು ಅಲ್ಲಿನ ಮಲಗಾಸಿ ಭಾಷೆಯದು. ಅದಕ್ಕೂ ಲ್ಯಾಟಿನ್ ಅಗಳಿಗೂ ಸಂಬಂಧವಿಲ್ಲ. ಮಂಗಳ ಗ್ರಹದ ನಕ್ಷೆಯಲ್ಲಿ ‘ಸೆರ್ಬೆರಸ್ ಫಾಸೇ’ ಎಂದು ಕಂಡರೆ ಮಾತ್ರ ಅದು ನಮ್ಮದೇ ಪದ, ಅಲ್ಲಿನ ನೆಲದ ಉದ್ದುದ್ದ ಬಿರುಕುಗಳಿಗೆ ಇಟ್ಟ ಹೆಸರು.