ಕಾಣೆ ಫ್ರೈ, ಪುಳಿಮುಂಚಿ ಜೊತೆ ವೈಟ್ ವೈನ್
ಕಾಣೆ ಮೀನಿನ ರವಾ ಫ್ರೈಗೂ ಬಂಗುಡೆ ಪುಳಿಮುಂಚಿಗೂ (ಹುಳಿ-ಖಾರದ ಮೀನಿನ ಸಾರು) ಒಂದೇ ವೈಟ್ ವೈನ್ ಸಾಕಾ ಅಂತ ಕೇಳಿದ್ರಲ್ಲ, ಸಾಕಾಗುದಿಲ್ಲ ಮಾರಾಯ್ರೆ. ನಾನು ಎಕ್ಸ್‌ಪರ್ಟ್ ಎಂತದೂ ಅಲ್ಲ, ಕುಡಿದು ನೋಡಿ ಅನ್ಸಿದ್ದು ಹೇಳ್ತೇನೆ ಅಷ್ಟೆ. ಫ್ರೈಗೆ ನಾಸಿಕ್‌ನ ಸುಲಾ ಕಂಪೆನಿಯ ಸಾವಿನ್ಯೋನ್ ಬ್ಲಾಂಕ್ (ಒಂದು ಜಾತಿಯ ಬಿಳಿ ದ್ರಾಕ್ಷಿಯ ವೈನ್) ತಗೊಳ್ಳಿ, ಒಳ್ಳೆ ಹುಳಿ ಉಂಟು, ಗ್ಲಾಸಿಗೆ ಮೂಗಿಟ್ರೆ ಹಸಿ ಹುಲ್ಲು, ಕ್ಯಾಪ್ಸಿಕಂ ತರ ಒಂದು ವಾಸನೆ, ಅದು ಎಲ್ಲರಿಗೂ ಹಿಡಿಸುದಿಲ್ಲ (ನನ್ನ ಹೆಂಡ್ತಿ ಮೂಗು ಮುರಿದ್ಲು), ಆದ್ರೆ ಎಣ್ಣೆಯಲ್ಲಿ ಕಾಯಿಸಿದ ಮೀನಿಗೆ ಮೇಲಿಂದ ನಿಂಬೆ ಹಿಂಡಿದ ಹಾಗೆ ಆಗ್ತದೆ. ಪುಳಿಮುಂಚಿಗೆ ಮಾತ್ರ ಅದು ಬೇಡ, ಅಂಥ ಡ್ರೈ (ಸಿಹಿ ಇಲ್ಲದ) ವೈನ್ ಖಾರದ ಉರಿ ಇನ್ನೂ ಜಾಸ್ತಿ ಮಾಡ್ತದೆ. ಅಲ್ಲಿಗೆ ಸ್ವಲ್ಪ ಸಿಹಿ ಇರುವ ಶೆನಿನ್ ಬ್ಲಾಂಕ್ ಅನ್ನುವ ವೈಟ್ ವೈನ್ ಬೇಕು. ಬರೀ ಕುಡಿದ್ರೆ ನಂಗೆ ಅದು ಜ್ಯೂಸ್ ಅನ್ಸಿತು, ಬ್ಯಾಡಗಿ ಮೆಣಸಿನ ಎದುರು ಅದೇ ಬೆಸ್ಟ್! ಓಕ್ ಪೀಪಾಯಿಯಲ್ಲಿಟ್ಟ ಶಾರ್ಡೊನೆ ಅನ್ನುವ ವೈಟ್ ವೈನಿಗೆ ಜನ ಯಾಕೆ ಅಷ್ಟು ದುಡ್ಡು ಕೊಡ್ತಾರೋ, ವೆನಿಲಾ, ಬೆಣ್ಣೆ ವಾಸನೆ, ಮೀನಿನ ಜೊತೆ ನಂಗಂತೂ ಇಳಿಯಲೇ ಇಲ್ಲ. ಮತ್ತೆ ನಮ್ಮ ಮಂಗಳೂರಿನ ಸೆಕೆಗೆ ವೈನ್ ಗ್ಲಾಸಲ್ಲೇ ಬಿಸಿಯಾಗ್ತದೆ, 8-10 ಡಿಗ್ರಿ ಇರ್ಬೇಕು, ಹಾಗಾಗಿ ಬಾಟ್ಲಿಯನ್ನು ಐಸ್ ನೀರಿನ ಬಕೆಟಲ್ಲೇ ಇಟ್ಟು ಸ್ವಲ್ಪ ಸ್ವಲ್ಪವೇ ಬಗ್ಗಿಸಿ, ಗ್ಲಾಸಿಗೆ ಐಸ್ ಹಾಕ್ಬೇಡಿ.